ಹಳೆಯ ಕೈಗಡಿಯಾರದ ಮುಖ: ಮೂಲದ್ದೋ, ಮರುಬಣ್ಣದ್ದೋ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ನಮ್ಮ ಸಮಾಜದ ಮನೆಗಳಲ್ಲಿ ಹಿರಿಯರ ಪೆಟ್ಟಿಗೆಯನ್ನು ತೆರೆದರೆ ರುದ್ರಾಕ್ಷಿ, ವಿಭೂತಿ ಗಟ್ಟಿ, ಹಳೆಯ ಜಮೀನಿನ ಪತ್ರಗಳು ಇವುಗಳ ನಡುವೆ ಕೀಲಿ ಕೊಡುವ ಒಂದು ಕೈಗಡಿಯಾರವೂ ದೊರೆಯುವುದುಂಟು. ಮದುವೆಯಲ್ಲಿ ಮಾವನವರು ಅಳಿಯನ ಕೈಗೆ ಕಟ್ಟಿದ್ದು, ಮೊದಲ ಸಂಬಳದಲ್ಲಿ ಕೊಂಡದ್ದು, ನಿವೃತ್ತಿಯ ದಿನ ಶಾಲೆಯವರು ಗೌರವದಿಂದ ಕೊಟ್ಟದ್ದು. ಹೀಗೆ ಪ್ರತಿಯೊಂದಕ್ಕೂ ಒಂದು ಕಥೆಯಿರುತ್ತದೆ. ಇಂತಹ ಗಡಿಯಾರಗಳನ್ನು ಹುಡುಕಿಕೊಂಡು ಕೊಳ್ಳುವವರು ಈಚಿನ ವರ್ಷಗಳಲ್ಲಿ ಹೆಚ್ಚಿದ್ದಾರೆ. ಹಳೆಯದನ್ನು ಹೊಸದರಂತೆ ಮಾಡಿಕೊಡುವವರೂ ಹೆಚ್ಚಿದ್ದಾರೆ. ಆದುದರಿಂದ ಮನೆಯಲ್ಲಿರುವ ಗಡಿಯಾರದ ಮುಖ, ಎಂದರೆ ವಾಚಿನ ಅಂಗಡಿಯವರು ಡಯಲ್ ಎಂದು ಕರೆಯುವ ಭಾಗವು ಕಾರ್ಖಾನೆಯಿಂದ ಬಂದದ್ದೋ, ಆಮೇಲೆ ಬಣ್ಣ ಬಳಿದದ್ದೋ ಎಂಬುದನ್ನು ಗುರುತಿಸುವ ಬಗೆಯನ್ನು ಗೃಹಸ್ಥರು ತಿಳಿದಿರುವುದು ಒಳ್ಳೆಯದು.

ಈ ವಿಷಯವನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ನಮ್ಮ ತಪ್ಪಿನಿಂದಲೇ ಕಲಿತೆವು.

ನಮ್ಮ ತಂದೆಯವರು ಮಾಗಡಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿದ್ದರು. 1971ರಲ್ಲಿ ಅವರ ಮದುವೆಯಾದಾಗ ಕನಕಪುರದ ಕಡೆಯ ನಮ್ಮ ತಾತನವರು ಎಚ್‌ಎಂಟಿ ‘ಜನತಾ’ ಗಡಿಯಾರವನ್ನು ಅವರ ಕೈಗೆ ಕಟ್ಟಿದ್ದರು. ಪ್ರತಿದಿನ ಲಿಂಗಪೂಜೆಗೆ ಕುಳಿತುಕೊಳ್ಳುವ ಮುನ್ನ ತಂದೆಯವರು ಎಡಗೈಯಿಂದ ಅದನ್ನು ಬಿಚ್ಚಿಡುವರು. ಪೂಜೆ ಮುಗಿದ ಮೇಲೆ ಕೀಲಿ ಕೊಟ್ಟು, ಒಮ್ಮೆ ಕಿವಿಗೆ ಹಿಡಿದು ಮತ್ತೆ ಕಟ್ಟಿಕೊಳ್ಳುವರು. ಒಂದು ಮಳೆಗಾಲದಲ್ಲಿ ಒಳಗೆ ನೀರು ಸೇರಿ ನಾಲ್ಕು ಗಂಟೆಯ ಗುರುತಿನ ಬಳಿ ಸಾಸಿವೆ ಕಾಳಿನಷ್ಟು ಕಂದು ಕಲೆ ಉಳಿದಿತ್ತು. ಅವರು 2014ರಲ್ಲಿ ಲಿಂಗೈಕ್ಯರಾದರು. ಮರುವರ್ಷದ ಸ್ಮರಣೆಯ ದಿನ ತಾಯಿಯವರ ಕೈಗೆ ಕೊಡಬೇಕೆಂದು ನಾವು ಆ ಗಡಿಯಾರವನ್ನು ದುರಸ್ತಿಗೆ ಒಯ್ದೆವು. “ಮುಖವನ್ನೂ ಹೊಸದು ಮಾಡಲೇ?” ಎಂದು ರಿಪೇರಿಯವರು ಕೇಳಿದರು. “ಮಾಡಿ” ಎಂದವರು ನಾವೇ.

ವಾರದ ಮೇಲೆ ಅದು ಬೆಳ್ಳಗೆ ಹೊಳೆಯುತ್ತ ಬಂದಿತು. ತಾಯಿಯವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಇದು ನಿಮ್ಮಪ್ಪಾಜಿ ವಾಚಲ್ಲ ಕಣಪ್ಪ, ಬೇರೆ ಯಾರದೋ ಕೊಟ್ಟಿದ್ದಾರೆ” ಎಂದರು. ಅದೇ ಗಡಿಯಾರವೆಂದು ಎಷ್ಟು ಹೇಳಿದರೂ ಅವರ ಮನಸ್ಸು ಒಪ್ಪಲಿಲ್ಲ. ನಾಲ್ಕರ ಬಳಿಯ ಕಲೆ ಅಲ್ಲಿರಲಿಲ್ಲ.

ನಮ್ಮ ನೆರೆಯಲ್ಲೇ ಹುಟ್ಟಿದ ಗಡಿಯಾರ

ಈ ಗಡಿಯಾರಗಳ ತವರು ನಮಗೆ ದೂರವೇನೂ ಅಲ್ಲ. 1953ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಕೈಗಡಿಯಾರದ ಕಾರ್ಖಾನೆಯನ್ನು ಸ್ಥಾಪಿಸಿತು. 1963ರಲ್ಲಿ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಮೊದಲ ತಂಡದ ಗಡಿಯಾರಗಳನ್ನು ಬಿಡುಗಡೆ ಮಾಡಿದರು. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಬಂದಿತು. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಶ್ರೀ ಶಿವಕುಮಾರ ಮಹಾಸ್ವಾಮಿಗಳವರು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡುತ್ತಿದ್ದ ಸಿದ್ಧಗಂಗೆಯ ಊರದು. ಜನತಾ, ಪೈಲಟ್, ಸೋನಾ, ಕೊಹಿನೂರ್, ಕಾಂಚನ ಮುಂತಾದ ಹೆಸರುಗಳು ಆ ಕಾಲದ ಮನೆಮಾತು. ಬೇಡಿಕೆಗೆ ತಕ್ಕಷ್ಟು ಸಿಗದೆ ಜನರು ಕಾದು ಕೊಳ್ಳುತ್ತಿದ್ದರು. ಅನುಕೂಲಸ್ಥರ ಮನೆಗಳಲ್ಲಿ ಫಾವ್ರ್ ಲ್ಯೂಬಾ, ವೆಸ್ಟ್ ಎಂಡ್, ರೋಮರ್ ಮುಂತಾದ ಸ್ವಿಟ್ಜರ್ಲೆಂಡಿನ ಗಡಿಯಾರಗಳೂ ಇದ್ದವು.

ಬ್ಯಾಟರಿಯಿಂದ ನಡೆಯುವ ಗಡಿಯಾರಗಳು ಬಂದ ಮೇಲೆ ಕಾಲ ಬದಲಾಯಿತು. 1984ರಲ್ಲಿ ಸ್ಥಾಪನೆಯಾದ ಟೈಟನ್ ಕಂಪನಿಯು ಹೊಸ ರುಚಿಯನ್ನು ತಂದಿತು. ನಷ್ಟದಲ್ಲಿ ಬಳಲಿದ ಎಚ್‌ಎಂಟಿ ಕೈಗಡಿಯಾರ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆ ನೀಡಿತು. ಆ ಬಳಿಕ ಹಳೆಯ ಎಚ್‌ಎಂಟಿಗಳ ಮೇಲೆ ಜನರ ಅಕ್ಕರೆ ಹೆಚ್ಚಿತು. ಅಕ್ಕರೆ ಹೆಚ್ಚಿದ ಕಡೆ ವ್ಯಾಪಾರವೂ ಬಂದಿತು, ವ್ಯಾಪಾರದ ಬೆನ್ನಿಗೆ ಬಣ್ಣವೂ ಬಂದಿತು.

ಮುಖವು ಸಿದ್ಧವಾಗುವ ಬಗೆ

ಗಡಿಯಾರದ ಮುಖವೆಂದರೆ ಸಾಮಾನ್ಯವಾಗಿ ತೆಳುವಾದ ಹಿತ್ತಾಳೆಯ ಬಿಲ್ಲೆ. ಯಂತ್ರಕ್ಕೆ ಕೂಡಿಸಲು ಅದರ ಹಿಂಬದಿಯಲ್ಲಿ ಎರಡು ಸಣ್ಣ ಕಾಲುಗಳನ್ನು ಬೆಸೆದಿರುತ್ತಾರೆ. ಮುಂಬದಿಯನ್ನು ನಯಗೊಳಿಸಿ, ಲೋಹದ ಲೇಪವನ್ನೋ ಬಣ್ಣವನ್ನೋ ಕೊಟ್ಟು, ಮೇಲೆ ಪಾರದರ್ಶಕವಾದ ಮೆರುಗನ್ನು ಹಚ್ಚುತ್ತಾರೆ. ಅಕ್ಷರ ಮತ್ತು ಗೆರೆಗಳನ್ನು ಕೊರೆದ ಲೋಹದ ಅಚ್ಚಿನಿಂದ ಮೆತ್ತನೆಯ ದಿಂಡು ಶಾಯಿಯನ್ನು ಎತ್ತಿಕೊಂಡು ಮುಖದ ಮೇಲೆ ಒತ್ತುತ್ತದೆ. ಆದಕಾರಣ ಕಾರ್ಖಾನೆಯ ಅಕ್ಷರವು ಎಷ್ಟು ಸಣ್ಣದಾದರೂ ಅಂಚು ಚೊಕ್ಕಟವಾಗಿ, ದಪ್ಪ ಸಮನಾಗಿ ಇರುತ್ತದೆ.

ಮರುಬಣ್ಣ ಮಾಡುವವರು ಹಳೆಯ ಬಣ್ಣವನ್ನು ಕರಗಿಸಿ ಅಥವಾ ಉಜ್ಜಿ ತೆಗೆದು, ಹೊಸ ಬಣ್ಣ ಹೊಡೆದು, ಅಕ್ಷರಗಳನ್ನು ಮತ್ತೆ ಒತ್ತುತ್ತಾರೆ ಅಥವಾ ಕೈಯಿಂದ ಬರೆಯುತ್ತಾರೆ. ಚನ್ನಪಟ್ಟಣದವರಿಗೆ ಈ ಭೇದವನ್ನು ವಿವರಿಸಿ ಹೇಳಬೇಕಾದದ್ದಿಲ್ಲ. ಅಲ್ಲಿ ತಿರುಗುತ್ತಿರುವ ಹಾಲೆ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಕಾವಿಗೆ ಅರಗು ಕರಗಿ ಮರವನ್ನು ಹಿಡಿಯುತ್ತದೆ. ಆಮೇಲೆ ಗರಿಯಿಂದ ತೀಡಿ ಹೊಳಪು ತರುತ್ತಾರೆ. ಅಂಥ ಬೊಂಬೆಯ ಪಕ್ಕದಲ್ಲಿ ಕುಂಚದಿಂದ ಬಣ್ಣ ಬಳಿದ ಬೊಂಬೆಯನ್ನಿಟ್ಟರೆ ಅಲ್ಲಿಯ ಕುಶಲಕರ್ಮಿಗೆ ಒಂದು ನೋಟವೇ ಸಾಕು. ಗಡಿಯಾರದ ಮುಖವನ್ನು ನೋಡಲು ಬೇಕಾದದ್ದೂ ಅಂಥದೇ ಕಣ್ಣು, ಜೊತೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಭೂತಗನ್ನಡಿ.

ಪರೀಕ್ಷಿಸುವ ಬಗೆ

*ಅಕ್ಷರಗಳು:* ಮೊದಲು ಹೆಸರನ್ನು ನೋಡಬೇಕು. ಅನೇಕ ಎಚ್‌ಎಂಟಿ ಮುಖಗಳಲ್ಲಿ ಕಂಪನಿಯ ಗುರುತು, ಮಾದರಿಯ ಹೆಸರು, ಹದಿನೇಳು ಕಲ್ಲುಗಳೆಂದು ತಿಳಿಸುವ ‘17 ಜ್ಯುವೆಲ್ಸ್’, ಪೆಟ್ಟು ತಡೆಯುವ ಏರ್ಪಾಡನ್ನು ಸೂಚಿಸುವ ‘ಪ್ಯಾರಾ ಶಾಕ್’ ಎಂಬ ಇಂಗ್ಲಿಷ್ ಬರಹ ಇರುತ್ತವೆ. ಕೆಲವು ‘ಜನತಾ’ಗಳಲ್ಲಿ ಹೆಸರು ದೇವನಾಗರಿಯಲ್ಲಿದೆ. ಅಕ್ಷರದ ಅಂಚು ಹರಡಿದೆಯೇ, ಒಂದು ದಪ್ಪ ಒಂದು ತೆಳುವಾಗಿದೆಯೇ, ಸಾಲು ಓರೆಯಾಗಿದೆಯೇ, ಅಕ್ಷರಗಳ ನಡುವಣ ಅಂತರ ಹೆಚ್ಚು ಕಡಿಮೆಯಾಗಿದೆಯೇ ಎಂದು ಗಮನಿಸಬೇಕು. ಕಾಗುಣಿತದ ತಪ್ಪು ಕಂಡರಂತೂ ಅದು ಕಾರ್ಖಾನೆಯ ಕೆಲಸವಾಗಿರುವ ಸಂಭವ ತೀರ ಕಡಿಮೆ.

*ನಿಮಿಷದ ಗೆರೆಗಳು:* ಸುತ್ತಲಿನ ಅರವತ್ತು ಗೆರೆಗಳು ಮುಖದ ಅಂಚಿನಿಂದ ಎಲ್ಲೆಡೆಯೂ ಒಂದೇ ದೂರದಲ್ಲಿರಬೇಕು. ಪ್ರತಿ ಐದನೆಯ ಗೆರೆಯು ಗಂಟೆಯ ಗುರುತಿಗೆ ನೇರವಾಗಿರಬೇಕು. ಒಂದು ಕಡೆ ಗೆರೆಗಳು ಅಂಚಿಗೆ ತಾಗಿ ಇನ್ನೊಂದು ಕಡೆ ದೂರ ಸರಿದಿದ್ದರೆ ಮತ್ತೆ ಒತ್ತಿರುವ ಸಾಧ್ಯತೆ ಹೆಚ್ಚು.

*ಕೂಡಿಸಿದ ಗುರುತುಗಳು:* ಕೆಲವು ಮುಖಗಳಲ್ಲಿ ಗಂಟೆಯ ಗುರುತುಗಳು ಅಚ್ಚಾಗಿರದೆ ಲೋಹದ ಸಣ್ಣ ಕಡ್ಡಿಗಳಾಗಿರುತ್ತವೆ. ಕಡ್ಡಿಯ ಬುಡದಲ್ಲಿ ಬಣ್ಣ ಕೂಡಿಕೊಂಡಿದ್ದರೆ, ಕಡ್ಡಿಯ ಪಕ್ಕಕ್ಕೆ ಬಣ್ಣ ಸಿಡಿದಿದ್ದರೆ, ಅದನ್ನು ತೆಗೆಯದೆ ಮೇಲಿಂದ ಬಣ್ಣ ಹೊಡೆದಿದ್ದಾರೆಂದು ತಿಳಿಯಬಹುದು. ತಾರೀಖು ತೋರುವ ಗಡಿಯಾರವಾದರೆ ಆ ಕಿಂಡಿಯ ಅಂಚನ್ನೂ ಹೀಗೆಯೇ ನೋಡಬೇಕು.

*ಕಿರಣದ ಹೊಳಪು:* ಕೆಲವು ಮುಖಗಳನ್ನು ಬೆಳಕಿನಲ್ಲಿ ತಿರುಗಿಸಿದರೆ ನಡುವಿನಿಂದ ಅಂಚಿಗೆ ಸೂರ್ಯಕಿರಣದಂತೆ ಹೊಳಪು ಸುಳಿಯುತ್ತದೆ. ಅದು ಲೋಹದ ಮೇಲೆ ಎಳೆದ ಅತಿ ಸಣ್ಣ ಗೆರೆಗಳ ಫಲ. ಹಳೆಯ ಬಣ್ಣವನ್ನು ಉಜ್ಜುವಾಗ ಆ ಗೆರೆಗಳು ಅಳಿಯುತ್ತವೆ. ಇತರರ ಬಳಿಯಿರುವ ಅದೇ ಮಾದರಿಯಲ್ಲಿ ಕಿರಣವಿದ್ದು ನಮ್ಮದರಲ್ಲಿ ಇಲ್ಲವಾದರೆ ಕಾರಣ ಹುಡುಕಬೇಕು.

*ವಯಸ್ಸಿನ ಹೊಂದಾಣಿಕೆ:* ಕವಚವು ಸವೆದು, ಗಾಜು ಗೀರುಬಿದ್ದು, ಮುಳ್ಳುಗಳ ಮೆರುಗು ಮಾಸಿರುವಾಗ ಮುಖ ಮಾತ್ರ ನಿನ್ನೆ ತಂದಂತಿದ್ದರೆ ಅನುಮಾನಿಸಬೇಕು. ತೇವವು ಹೆಚ್ಚಾಗಿ ಅಂಚಿನಿಂದಲೂ ಕೀಲಿಯ ತಿರುಪಿನ ಕಡೆಯಿಂದಲೂ ಒಳಸೇರುತ್ತದೆ. ಆದಕಾರಣ ಸಹಜವಾದ ಮಾಸುವಿಕೆ ಬಹುತೇಕ ಅಲ್ಲಿಂದಲೇ ಆರಂಭವಾಗುತ್ತದೆ. ಕವಚದ ತುಟಿಯ ಕೆಳಗೆ ಬೆಳಕು ಬೀಳದ ಅಂಚಿನಲ್ಲಿ ಮೂಲಬಣ್ಣ ಉಂಗುರದಂತೆ ಉಳಿದಿರುವುದೂ ಉಂಟು. ಇದು ಮುಖವು ಆ ಕವಚದಲ್ಲಿಯೇ ಬಹುಕಾಲ ಬಾಳಿದೆ ಎಂಬುದಕ್ಕೆ ಒಳ್ಳೆಯ ಸಾಕ್ಷಿ.

*ಹಿಂಬದಿ ಮತ್ತು ಅಂಚು:* ಇದನ್ನು ನುರಿತ ರಿಪೇರಿಯವರಿಂದಲೇ ತೆಗೆಸಿ ನೋಡಬೇಕು. ಮರುಬಣ್ಣದವರು ಮುಖವನ್ನು ನೇರವಾಗಿ ಕೂರಿಸಿಕೊಳ್ಳಲು ಕೆಲವೊಮ್ಮೆ ಅಂಚಿನಲ್ಲಿ ಸಣ್ಣ ಕಚ್ಚನ್ನು ಕೊಯ್ದಿರುತ್ತಾರೆ. ಹಿಂಬದಿಯಲ್ಲಿ ಗೀಚಿದ ಗುರುತು, ಬಣ್ಣದ ತುಂತುರು, ಮತ್ತೆ ಬೆಸೆದ ಕಾಲು ಇವೂ ಸುಳಿವುಗಳೇ.

*ಕತ್ತಲೆಯಲ್ಲಿ ಬೆಳಗುವ ಲೇಪ:* ಮುಖದ ಮೇಲಿನ ಲೇಪವೂ ಮುಳ್ಳುಗಳ ಲೇಪವೂ ಜೊತೆಯಾಗಿ ಮಾಗಿ ಒಂದೇ ಛಾಯೆಯನ್ನು ಪಡೆದಿರುವುದು ಸಹಜ. ನೋಟು ಪರೀಕ್ಷಿಸುವ ನೀಲಿ ದೀಪದಡಿಯಲ್ಲಿ ಎರಡೂ ಬೇರೆ ಬೇರೆ ಬಗೆಯಾಗಿ ಕಂಡರೆ ಒಂದು ಬದಲಾಗಿರಬಹುದು. ಇಲ್ಲಿ ತಾಯಂದಿರಿಗೆ ಒಂದು ಎಚ್ಚರಿಕೆ. 1960ರ ದಶಕಕ್ಕಿಂತ ಹಿಂದಿನ ಅನೇಕ ವಿದೇಶಿ ಗಡಿಯಾರಗಳಲ್ಲಿ ಈ ಲೇಪಕ್ಕೆ ರೇಡಿಯಂ ಬಳಸುತ್ತಿದ್ದರು. ಬೆಳಗುವುದು ನಿಂತಿದ್ದರೂ ರೇಡಿಯಂ ಹಾಗೆಯೇ ಇರುತ್ತದೆ. ಅದರ ಪ್ರಮಾಣ ಅರ್ಧಕ್ಕಿಳಿಯಲು ಸುಮಾರು 1600 ವರ್ಷ ಬೇಕು. ಅಂತಹ ಗಡಿಯಾರವನ್ನು ಮನೆಯಲ್ಲಿ ಬಿಚ್ಚಬಾರದು, ಲೇಪವನ್ನು ಕೆರೆಯಬಾರದು, ಅದರ ಪುಡಿ ಉಸಿರಿಗಾಗಲಿ ಬಾಯಿಗಾಗಲಿ ಹೋಗದಂತೆ ನೋಡಿಕೊಳ್ಳಬೇಕು, ಮಕ್ಕಳ ಆಟಕ್ಕೆ ಕೊಡಲೇಬಾರದು.

*ಕಲ್ಪಿಸಿದ ಮುಖಗಳು:* ‘ಪೈಲಟ್’ ಹೆಸರಿನ ಗಡಿಯಾರಗಳಲ್ಲಿ ಕೆಂಪು, ಹಸಿರು, ಕಿತ್ತಳೆ ಬಣ್ಣದ ಮುಖಗಳು, ಗಾಂಧೀಜಿಯ ಚಿತ್ರ, ವಾಯುಪಡೆಯ ಚಿಹ್ನೆ, ಓಂಕಾರ ಮುಂತಾದವುಗಳನ್ನು ಮುದ್ರಿಸಿ ಮಾರುವುದು ಬಹಳ ಕಾಲದಿಂದ ನಡೆದಿದೆ. ಹಳೆಯ ಗಡಿಯಾರ ಸಂಗ್ರಹಿಸುವವರು ಇಂಥವನ್ನು ‘ಮುಂಬೈ ಸ್ಪೆಷಲ್’ ಎಂದು ಕರೆಯುತ್ತಾರೆ. ಆದರೆ ಸಂಸ್ಥೆಗಳಿಗಾಗಿ, ಸಮಾರಂಭಗಳಿಗಾಗಿ ಎಚ್‌ಎಂಟಿಯೇ ವಿಶೇಷ ಮುಖಗಳನ್ನು ಮಾಡಿಕೊಟ್ಟದ್ದೂ ಉಂಟು. ಆದುದರಿಂದ ಚಿತ್ರವಿದ್ದ ಮಾತ್ರಕ್ಕೆ ಖೋಟಾ ಎನ್ನದೆ ಅಕ್ಷರ, ಗೆರೆಗಳನ್ನು ನೋಡಿಯೇ ತೀರ್ಮಾನಿಸಬೇಕು.

ಅವಸರದ ತೀರ್ಪು ಬೇಡ

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಅನುಭವಸ್ಥ ರೀಲರುಗಳು ಗೂಡಿನ ಬಣ್ಣವೊಂದನ್ನೇ ನೋಡಿ ಬೆಲೆ ಕೂಗುವುದಿಲ್ಲ. ಹಿಡಿಯಷ್ಟು ಗೂಡನ್ನು ತೆಗೆದುಕೊಂಡು ಒತ್ತಿ ನೋಡುತ್ತಾರೆ, ಕಿವಿಯ ಬಳಿ ಅಲುಗಿಸಿ ಒಳಗಿನ ಹುಳುವಿನ ಸದ್ದನ್ನು ಕೇಳುತ್ತಾರೆ. ಗಡಿಯಾರದ ವಿಷಯದಲ್ಲಿಯೂ ಒಂದೇ ಲಕ್ಷಣವನ್ನು ಹಿಡಿದು ತೀರ್ಪು ಕೊಡುವುದು ತರವಲ್ಲ. ಪೆಟ್ಟಿಗೆಯಲ್ಲಿಯೇ ಉಳಿದ ಗಡಿಯಾರದ ಮೂಲ ಮುಖವು ಐವತ್ತು ವರ್ಷದ ಮೇಲೂ ಹೊಸದರಂತೆ ಇರಬಹುದು. ಮೂವತ್ತು ವರ್ಷದ ಹಿಂದೆ ಬಳಿದ ಮರುಬಣ್ಣವೂ ಈಗ ಮಾಸಿ ಮೂಲದಂತೆ ತೋರಬಹುದು. ಮೂರನೆಯ ಬಗೆಯೊಂದಿದೆ: ಮುಖ ಕಾರ್ಖಾನೆಯದೇ ಆದರೂ ದುರಸ್ತಿಯ ವೇಳೆ ಬೇರೆ ಗಡಿಯಾರದಿಂದಲೋ ಬಿಡಿಭಾಗಗಳ ದಾಸ್ತಾನಿನಿಂದಲೋ ತಂದು ಹಾಕಿದ್ದು. ಹೀಗಾಗಿ ಮೂಲ, ಮರುಬಣ್ಣ, ಬದಲಿ ಎಂಬ ಮೂರು ವರ್ಗಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಹಲವು ಲಕ್ಷಣಗಳು ಒಂದೇ ಕಡೆ ಬೆರಳು ತೋರಿದಾಗ ಮಾತ್ರ ನಿರ್ಣಯಕ್ಕೆ ಬರಬೇಕು.

ಹೋಲಿಸಿ ನೋಡಲು ಅದೇ ಮಾದರಿಯ ನಾಲ್ಕಾರು ಗಡಿಯಾರಗಳು ಕಣ್ಣಿಗೆ ಬೀಳಬೇಕು. ಬಂಧುಗಳ ಮನೆಗಳಲ್ಲಿ ವಿಚಾರಿಸಿದರೆ ಸಿಗದಿರುವುದಿಲ್ಲ. ಎಚ್‌ಎಂಟಿ ಸಂಸ್ಥೆಯು ಜಾಲಹಳ್ಳಿಯಲ್ಲಿ ತೆರೆದ ಪಾರಂಪರಿಕ ಕೇಂದ್ರ ಮತ್ತು ವಸ್ತುಸಂಗ್ರಹಾಲಯದಲ್ಲಿ ಹಳೆಯ ಮಾದರಿಗಳನ್ನು ಸಾಲಾಗಿ ಇರಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು.

ಗೃಹಸ್ಥರು ಪಾಲಿಸಬೇಕಾದ ಕೆಲವು ನಿಯಮಗಳು

ದುರಸ್ತಿಗೆ ಕೊಡುವ ಮುನ್ನ ಗಡಿಯಾರದ ಮುಖ, ಬೆನ್ನು ಎರಡರ ಛಾಯಾಚಿತ್ರವನ್ನೂ ತೆಗೆದುಕೊಳ್ಳಿ. “ಯಂತ್ರವನ್ನು ತೊಳೆದು ಎಣ್ಣೆ ಹಾಕಿ, ಮುಖವನ್ನು ಮುಟ್ಟಬೇಡಿ” ಎಂದು ಚೀಟಿಯಲ್ಲಿ ಬರೆಸಿರಿ. ಯಾವುದೇ ಭಾಗವನ್ನು ಬದಲಿಸಿದರೂ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಗಾಜು ತೆಗೆದಾಗ ಮುಖವನ್ನು ಬಟ್ಟೆಯಿಂದ ಒರಸಲು ಬಿಡಬೇಡಿ. ಹಳೆಯ ಅಕ್ಷರಗಳು ಒಂದೇ ಒರಸಿಗೆ ಎದ್ದುಹೋಗುತ್ತವೆ.

ರೇಷ್ಮೆ ಸಾಕುವ ಮನೆಗಳವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಹುಳುವಿನ ಮನೆಯಲ್ಲಿ ತೇವ ಹೆಚ್ಚು. ಸೋಂಕು ನಿವಾರಣೆಗೆ ಬ್ಲೀಚಿಂಗ್ ಪೌಡರ್ ಮುಂತಾದವನ್ನು ಬಳಸುತ್ತಾರೆ. ಅಲ್ಲಿಯ ಗೋಡೆಗೆ ತೂಗುಹಾಕಿದ ಗಡಿಯಾರದ ಲೋಹಕ್ಕೆ ಇವೆರಡೂ ಹಿತವಲ್ಲ. ಒಣಗಿದ ಜಾಗದಲ್ಲಿ, ಹತ್ತಿಯ ಬಟ್ಟೆಯಲ್ಲಿ ಸುತ್ತಿ ಇಡುವುದು ಲೇಸು.

ಕೊಳ್ಳುವವರು ಬೆಲೆ ಕೇಳುವ ಮುನ್ನ “ಮುಖ ಮೂಲದ್ದೇ?” ಎಂದು ಕೇಳಿ, ಉತ್ತರವನ್ನು ರಸೀತಿಯಲ್ಲಿ ಬರೆಸಿಕೊಳ್ಳಬೇಕು. ಮಾರುವವರು ಕೇಳುವ ಮುನ್ನವೇ ಹೇಳಬೇಕು. ಈ ಕೊನೆಯ ಮಾತನ್ನು ನಾವು ಬಹಳ ಸಂಕೋಚದಿಂದ ಬರೆಯುತ್ತಿದ್ದೇವೆ.

ನಾವು ಹೇಳದೆ ಉಳಿದ ಮಾತು

ತಾಯಿಯವರು ಆ ಗಡಿಯಾರವನ್ನು ಒಪ್ಪದೆ, “ಯಾರಿಗಾದರೂ ಕೊಟ್ಟುಬಿಡಿ” ಎಂದ ಮೇಲೆ ಅದು ಕೆಲವು ತಿಂಗಳು ಬೀರುವಿನಲ್ಲಿಯೇ ಇತ್ತು. ಹಳೆಯ ಗಡಿಯಾರಗಳನ್ನು ಸಂಗ್ರಹಿಸುವ ಬೆಂಗಳೂರಿನ ಹಿರಿಯರೊಬ್ಬರು ಬಂಧುಗಳ ಮೂಲಕ ಮನೆಗೆ ಬಂದರು. ನಾವು ಗಡಿಯಾರವನ್ನು ಅವರ ಮುಂದಿಟ್ಟು, 1971ರ ಮದುವೆಯ ಉಡುಗೊರೆ, ಒಂದೇ ಕೈಯಲ್ಲಿದ್ದದ್ದು ಎಂದು ಹೇಳಿದೆವು. ಅದೆಲ್ಲವೂ ನಿಜವೇ. ಮುಖಕ್ಕೆ ಬಣ್ಣ ಬಳಿಸಿದ ವಿಷಯವನ್ನು ಮಾತ್ರ ಹೇಳಲಿಲ್ಲ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಸ್ವಲ್ಪ ಹೊತ್ತು ನೋಡಿದರು. “ಗೆರೆಗಳು ಒಂಬತ್ತರ ಕಡೆ ಅಂಚಿಗೆ ಸರಿದಿವೆ, ಅಕ್ಷರ ಹರಡಿದೆ. ಯಾರೋ ಬಣ್ಣ ಹಾಕಿದ್ದಾರೆ. ತಮಗೆ ಗೊತ್ತಿತ್ತೇ?” ಎಂದು ಮೃದುವಾಗಿಯೇ ಕೇಳಿದರು. ಒಳಗೂ ಹೊರಗೂ ಒಂದೇ ಆಗಿರಬೇಕೆಂದು ಶರಣರು ನಡೆದು ತೋರಿಸಿದ್ದನ್ನು ಶ್ರಾವಣದ ಸಭೆಗಳಲ್ಲಿ ಹತ್ತಾರು ಸಲ ಕೇಳಿದ್ದ ನಾವು ಅಂದು ತಲೆ ತಗ್ಗಿಸಿ “ಗೊತ್ತಿತ್ತು” ಎಂದೆವು.

ಅವರು ಕೋಪಿಸಿಕೊಳ್ಳಲಿಲ್ಲ. ಹಿಂದಿನ ಮುಚ್ಚಳವನ್ನು ತೆಗೆದು ಯಂತ್ರವನ್ನು ತೋರಿಸಿ, “ಇದು ಚೆನ್ನಾಗಿದೆ, ಇದನ್ನು ಮಾರಬೇಡಿ” ಎಂದರು. ಈ ಲೇಖನದಲ್ಲಿ ಬರೆದಿರುವ ಹೆಚ್ಚಿನ ಲಕ್ಷಣಗಳನ್ನು ಅಂದು ಮಧ್ಯಾಹ್ನ ನಮ್ಮ ಜಗಲಿಯ ಮೇಲೆ ಕುಳಿತು ವಿವರಿಸಿದವರು ಅವರೇ. ರಿಪೇರಿಯವರ ಮೇಲೆ ನಾವು ದೂರು ಹೇಳಹೊರಟಾಗ ಅದನ್ನು ತಡೆದರು. ಗಡಿಯಾರವು ದಿನಬಳಕೆಯ ವಸ್ತುವಾಗಿದ್ದ ಕಾಲದಲ್ಲಿ ಮಾಸಿದ ಮುಖಕ್ಕೆ ಬಣ್ಣ ಕೊಡುವುದು ಗೌರವದ ಕೆಲಸವೇ ಆಗಿತ್ತು, ಎಷ್ಟೋ ಸಂಸಾರಗಳು ಆ ಕಾಯಕದಿಂದ ಬದುಕಿದವು ಎಂದರು. ಬಳಿದದ್ದನ್ನು ಬಳಿದದ್ದೆಂದು ಹೇಳಿದರೆ ಅದರಲ್ಲಿ ಯಾವ ದೋಷವೂ ಇಲ್ಲ ಎಂಬುದು ಅವರ ಅಭಿಪ್ರಾಯ. ಈಗ ನಮ್ಮದೂ ಅದೇ.

ಅವರು ಹೋದ ಮೇಲೆ ಗಡಿಯಾರದ ಪೆಟ್ಟಿಗೆಯಲ್ಲಿ ನಾವು ಒಂದು ಚೀಟಿ ಬರೆದಿಟ್ಟೆವು: “ಯಂತ್ರ, ಕವಚ, ಮುಳ್ಳುಗಳು 1971ರವು. ಮುಖಕ್ಕೆ 2015ರಲ್ಲಿ ನಾವೇ ಬಣ್ಣ ಬಳಿಸಿದೆವು. ಮೊದಲು ನಾಲ್ಕರ ಬಳಿ ಒಂದು ಕಲೆಯಿತ್ತು.” ಮುಂದೆ ಈ ಗಡಿಯಾರ ಯಾರ ಕೈ ಸೇರಿದರೂ ಚೀಟಿಯೂ ಜೊತೆಯಲ್ಲಿ ಹೋಗಬೇಕೆಂದು ಮಕ್ಕಳಿಗೆ ಹೇಳಿದ್ದೇವೆ. ಅಂದು ಸಂಜೆ ಕೀಲಿ ಕೊಟ್ಟು ತಾಯಿಯವರ ಮುಂದೆ ಹಿಡಿದೆವು. ಅವರು ಮುಖದ ಕಡೆ ನೋಡಲಿಲ್ಲ. ಕಿವಿಗೆ ಹಿಡಿದುಕೊಂಡು ಕಣ್ಣು ಮುಚ್ಚಿದರು. ಸ್ವಲ್ಪ ಹೊತ್ತಿನ ಮೇಲೆ, “ಸದ್ದು ಮಾತ್ರ ಅವರದೇ” ಎಂದರು.

ಅಂದಿನಿಂದ ಬೆಳಗಿನ ಪೂಜೆಯಾದ ಮೇಲೆ ಅದಕ್ಕೆ ಕೀಲಿ ಕೊಡುವುದು ಅವರ ಕೆಲಸವಾಯಿತು. ಶರಣಬಂಧುಗಳೇ, ತಮ್ಮ ಮನೆಯ ಪೆಟ್ಟಿಗೆಯಲ್ಲಿಯೂ ಅಂಥದೊಂದು ಗಡಿಯಾರವಿದ್ದರೆ ಇಂದೇ ಹೊರತೆಗೆದು ನೋಡಿ. ಅದರ ಮೇಲೆ ಯಾವ ಕಲೆ ಎಲ್ಲಿಂದ ಬಂದಿತೆಂದು ಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಕೇಳಿ ಬರೆದಿಡಿ.